ಓಲೆಯ ಬಿಂಬಗಳ ಶೋಧನೆ ಮತ್ತು ಪ್ರತೀಕರಣ: ಆದೇಶಪಂಕ್ತಿಯ ಉಪಕರಣಗಳ ಸಂಯೋಜನೆ

ಪ್ರಾಚೀನ ಗ್ರಂಥಗಳು ಪ್ರತಿಯಿಂದ ಪ್ರತಿಗೆ ಸಾಗಿ ಉಳಿದುಬಂದವು ಎಂಬುದು ಹಸ್ತಪ್ರತಿಶಾಸ್ತ್ರವನ್ನು ಬಲ್ಲವರಿಗೆ ವಿದಿತವಾದ ವಿಷಯ. ಓಲೆ ಶಿಥಿಲವಾಗುವ ಮೊದಲು ಲಿಪಿಕಾರನು ಅದರ ಪಾಠವನ್ನು ಹೊಸ ಓಲೆಗೆ ಇಳಿಸುತ್ತಿದ್ದನು. ಆ ಕಾರ್ಯದಲ್ಲಿ ಅವನ ಕಣ್ಣು ತಪ್ಪಿದ ಕಡೆ ಗ್ರಂಥಪಾತವೂ, ಕೈ ತಪ್ಪಿದ ಕಡೆ ಪಾಠಭೇದವೂ ಉಂಟಾದವು. ಇಂದು ಓಲೆಗರಿಗಳ ಛಾಯಾಬಿಂಬಗಳು ಗಣಕಯಂತ್ರದಲ್ಲಿ ಸೇರಿವೆ. ಒಂದು ಭಂಡಾರದ ಬಿಂಬಗಳೇ ಹಲವು ಸಾವಿರವಾಗುವುದರಿಂದ, ಬೇಕಾದ ಗರಿಗಳನ್ನು ಒಂದೊಂದಾಗಿ ತೆರೆದು ನೋಡಿ, ಆರಿಸಿ, ಬೇರೆಡೆಗೆ ಪ್ರತಿ ಮಾಡುವುದು ಕೈಕೆಲಸದಿಂದ ಸಾಧ್ಯವಾಗುವ ಮಾತಲ್ಲ. ಈ ಕೆಲಸಕ್ಕೆ ಆದೇಶಪಂಕ್ತಿಯ ಉಪಕರಣಗಳು, ಎಂದರೆ ಕೀಲಿಮಣೆಯಿಂದ ಬರೆದು ಕೊಡುವ ಚಿಕ್ಕ ಚಿಕ್ಕ ಆದೇಶಗಳು, ಅತ್ಯಂತ ಉಪಯುಕ್ತವಾಗಿವೆ.

ಆದರೆ ಯಂತ್ರವು ಪ್ರತಿ ಮಾಡಿದರೆ ಸ್ಖಾಲಿತ್ಯಕ್ಕೆ ಎಡೆಯಿಲ್ಲ ಎಂಬ ಭಾವನೆ ಸರಿಯಲ್ಲ. ಅಕ್ಷರ ತಪ್ಪುವ ದೋಷ ಇಲ್ಲಿ ಕಡಿಮೆಯಾದರೂ, ಇಡೀ ಗರಿಯೇ ಬಿಟ್ಟುಹೋಗುವ, ಒಂದು ಗ್ರಂಥದ ಗರಿ ಇನ್ನೊಂದರ ಸ್ಥಾನದಲ್ಲಿ ಕುಳಿತುಕೊಳ್ಳುವ ದೋಷಗಳು ಸುಲಭವಾಗಿ ಸಂಭವಿಸುತ್ತವೆ. ಅದೂ ಯಾವ ಸದ್ದೂ ಇಲ್ಲದೆ. ಈ ಉಪಕರಣಗಳನ್ನು ಒಂದರೊಡನೊಂದು ಜೋಡಿಸುವ ಕ್ರಮವನ್ನೂ, ಆ ಜೋಡಣೆಯಲ್ಲಿ ಒದಗುವ ಹಾನಿಗಳನ್ನೂ, ಅವುಗಳ ಪರಿಹಾರವನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

1. ಉಪಕರಣಗಳ ಪೂರ್ವೇತಿಹಾಸ

ಈ ಉಪಕರಣಗಳ ತೌರು ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಇದರ ರಚನೆಯನ್ನು ಆರಂಭಿಸಿದರು. ಒಂದು ಉಪಕರಣ ಒಂದೇ ಕೆಲಸವನ್ನು ಮಾಡಬೇಕು, ಅದನ್ನು ಚೆನ್ನಾಗಿ ಮಾಡಬೇಕು, ದೊಡ್ಡ ಕೆಲಸವಿದ್ದಲ್ಲಿ ಹಲವು ಉಪಕರಣಗಳನ್ನು ಕೂಡಿಸಿಕೊಳ್ಳಬೇಕು ಎಂಬುದು ಅಲ್ಲಿ ಬೆಳೆದುಬಂದ ತತ್ತ್ವ. ಒಂದರಿಂದ ಹೊರಬಂದುದು ನೇರವಾಗಿ ಇನ್ನೊಂದರೊಳಗೆ ಹರಿಯುವಂತೆ ಮಾಡಬೇಕೆಂಬ ವಿಚಾರವನ್ನು ಅದೇ ಸಂಸ್ಥೆಯ ಡಗ್ಲಸ್ ಮೆಕಿಲ್‌ರಾಯ್ 1964ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಅದು ಯೂನಿಕ್ಸ್‌ನಲ್ಲಿ ಕಾರ್ಯರೂಪಕ್ಕೆ ಬಂದದ್ದು 1973ರಲ್ಲಿ. ಇದಕ್ಕೆ ಪೈಪ್, ಎಂದರೆ ಕೊಳವೆ, ಎಂದು ಹೆಸರು. ಎರಡು ಆದೇಶಗಳ ನಡುವೆ ಒಂದು ನೆಟ್ಟಗೆರೆಯನ್ನು ಎಳೆದರೆ ಕೊಳವೆ ಸಿದ್ಧವಾಗುತ್ತದೆ. ಇಂದು ಬಳಕೆಯಲ್ಲಿರುವ ಲಿನಕ್ಸ್ ಮತ್ತು ಮ್ಯಾಕ್ ವ್ಯವಸ್ಥೆಗಳು ಈ ಸಂಪ್ರದಾಯವನ್ನೇ ಅನುಸರಿಸುತ್ತವೆ. ವಿಂಡೋಸ್‌ನಲ್ಲಿಯೂ ಲಿನಕ್ಸ್ ಉಪವ್ಯವಸ್ಥೆಯನ್ನು ಸ್ಥಾಪಿಸಿಕೊಂಡು ಇವನ್ನು ಉಪಯೋಗಿಸಬಹುದು.

ಗ್ರಂಥಸಂಪಾದಕರ ಗಮನಕ್ಕೆ ಬರಬೇಕಾದ ಸಂಗತಿಯೊಂದು ಇಲ್ಲಿದೆ. ಪಠ್ಯದೊಳಗೆ ಪದವನ್ನು ಹುಡುಕುವ ‘ಗ್ರೆಪ್’ ಎಂಬ ಪ್ರಸಿದ್ಧ ಉಪಕರಣದ ಹಿನ್ನೆಲೆಯಲ್ಲಿ ಕರ್ತೃತ್ವವಿಚಾರದ ಪ್ರಶ್ನೆಯೊಂದಿತ್ತು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಒಂದೇ ಗುಪ್ತನಾಮದಿಂದ ಪ್ರಕಟವಾದ ‘ಫೆಡರಲಿಸ್ಟ್’ ಎಂಬ 85 ಪ್ರಬಂಧಗಳಿವೆ. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಇವುಗಳ ಕರ್ತೃಗಳು. ಇವುಗಳಲ್ಲಿ 12 ಪ್ರಬಂಧಗಳು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬುದು ಬಹುಕಾಲ ವಿವಾದಾಸ್ಪದವಾಗಿತ್ತು. ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹೊನ್ ಈ ಪ್ರಬಂಧಗಳ ಪಠ್ಯವನ್ನು ಗಣಕದಲ್ಲಿ ಪರಿಶೀಲಿಸಲು ಬಯಸಿದರು. ಆಗಿದ್ದ ‘ಎಡ್’ ಎಂಬ ಸಂಪಾದನ ಉಪಕರಣಕ್ಕೆ ಅಷ್ಟು ದೊಡ್ಡ ಪಠ್ಯವನ್ನು ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಶಕ್ತಿಯಿರಲಿಲ್ಲ. ಥಾಂಪ್ಸನ್ ಅದರ ಹುಡುಕುವ ಭಾಗವನ್ನು ಮಾತ್ರ ಪ್ರತ್ಯೇಕಿಸಿ ಸ್ವತಂತ್ರ ಉಪಕರಣವನ್ನಾಗಿ ಮಾಡಿಕೊಟ್ಟರು ಎಂದು ಅವರ ಸಹೋದ್ಯೋಗಿ ಬ್ರಯನ್ ಕರ್ನಿಘನ್ ತಿಳಿಸಿದ್ದಾರೆ. ಪಠ್ಯವನ್ನು ಪಂಕ್ತಿಪಂಕ್ತಿಯಾಗಿ ತಿದ್ದುವ ‘ಸೆಡ್’ ಎಂಬ ಉಪಕರಣವನ್ನು ಮೆಕ್‌ಮಹೊನ್ ಅವರೇ ರಚಿಸಿದರು. ಕವಿರಾಜಮಾರ್ಗವು ನೃಪತುಂಗನದೋ ಶ್ರೀವಿಜಯನದೋ ಎಂಬ ಚರ್ಚೆಯನ್ನು ಬಲ್ಲ ಕನ್ನಡ ವಿದ್ವಾಂಸರಿಗೆ ಇಂತಹ ಪ್ರಶ್ನೆಯಿಂದ ಹುಟ್ಟಿದ ಉಪಕರಣ ಪರಕೀಯವೆನಿಸಬೇಕಾಗಿಲ್ಲ.

2. ಉದಾಹರಣೆಯ ಸ್ವರೂಪ

ವಿಷಯದ ಸ್ಪಷ್ಟತೆಗಾಗಿ ಒಂದು ಕಲ್ಪಿತ ಸಂಗ್ರಹವನ್ನು ತೆಗೆದುಕೊಳ್ಳಬಹುದು. ‘ಭಂಡಾರ’ ಎಂಬ ಫೋಲ್ಡರಿನಲ್ಲಿ ಓಲೆಯ ಪ್ರತಿಯೊಂದು ಕಟ್ಟಿಗೂ ಒಂದೊಂದು ಒಳಫೋಲ್ಡರ್ ಇದೆ. ಅವುಗಳ ಹೆಸರು ‘ಕಟ್ಟು 1’, ‘ಕಟ್ಟು 2’ ಎಂದು ಮುಂತಾಗಿ. ಒಂದೊಂದು ಕಟ್ಟಿನಲ್ಲಿಯೂ ಗರಿಗೆ ಎರಡು ಕಡತಗಳಿವೆ. ‘001.ಟಿಫ್’ ಎಂಬುದು ಮೊದಲ ಗರಿಯ ಛಾಯಾಬಿಂಬ, ‘001.ಟೆಕ್ಸ್ಟ್’ ಎಂಬುದು ಅದೇ ಗರಿಯ ಲಿಪ್ಯಂತರ ಪಠ್ಯ. ಲಿಪ್ಯಂತರದಲ್ಲಿ ‘ಆರಾಧನಾ’ ಎಂಬ ಶಬ್ದ ಬರುವ ಗರಿಗಳನ್ನೆಲ್ಲ ಹುಡುಕಿ, ಅವುಗಳ ಬಿಂಬಗಳನ್ನು ‘ಸಂಗ್ರಹ’ ಎಂಬ ಬೇರೆ ಫೋಲ್ಡರಿಗೆ ಪ್ರತಿ ಮಾಡಬೇಕಾಗಿದೆ. ಎಂದರೆ ಹುಡುಕುವುದು ಪಠ್ಯದಲ್ಲಿ, ಪ್ರತಿ ಮಾಡುವುದು ಬಿಂಬವನ್ನು.

ಇಲ್ಲಿ ಆದೇಶಗಳನ್ನು ಅವುಗಳ ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಯಂತ್ರಕ್ಕೆ ಕೊಡುವಾಗ ಆದೇಶಪದಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಅಡ್ಡಗೆರೆಯಿಂದ ಆರಂಭವಾಗುವ ಪದಗಳು ಆಯ್ಕೆಪದಗಳು. ಅವು ಉಪಕರಣದ ವರ್ತನೆಯನ್ನು ನಿಯಮಿಸುತ್ತವೆ. ಉದಾಹರಣೆಗಳೆಲ್ಲ ಲಿನಕ್ಸ್‌ನಲ್ಲಿ ದೊರೆಯುವ ಗ್ನೂ ಆವೃತ್ತಿಯ ಉಪಕರಣಗಳಿಗೆ ಅನ್ವಯಿಸುತ್ತವೆ. ಮ್ಯಾಕ್ ವ್ಯವಸ್ಥೆಯೊಡನೆ ಬರುವ ಉಪಕರಣಗಳಲ್ಲಿ ಇವುಗಳ ಕೆಲವು ಆಯ್ಕೆಪದಗಳಿಲ್ಲ. ಅಲ್ಲಿ ಗ್ನೂ ಆವೃತ್ತಿಯನ್ನು ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಾಗುತ್ತದೆ.

3. ನಾಲ್ಕು ಉಪಕರಣಗಳು, ನಾಲ್ಕು ಕೆಲಸಗಳು

ಮೊದಲನೆಯದು ‘ಫೈಂಡ್’. ಇದು ಫೋಲ್ಡರುಗಳೊಳಗೆ, ಅವುಗಳ ಒಳಗಿನ ಫೋಲ್ಡರುಗಳೊಳಗೆ ಇಳಿದು, ಹೇಳಿದ ಲಕ್ಷಣವುಳ್ಳ ಕಡತಗಳ ಹೆಸರುಗಳನ್ನು ಅವುಗಳ ದಾರಿಯೊಡನೆ ಪಟ್ಟಿ ಮಾಡುತ್ತದೆ. ಇದು ಕಡತದ ಹೊರಲಕ್ಷಣಗಳನ್ನು, ಎಂದರೆ ಹೆಸರು, ಗಾತ್ರ, ದಿನಾಂಕ ಮೊದಲಾದವನ್ನು ಮಾತ್ರ ನೋಡುತ್ತದೆ. ಒಳಗೆ ಬರೆದಿರುವುದನ್ನು ಓದುವುದಿಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು (1948) ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆ ಎಂದು ತೋರಿಸಿಕೊಡುವಂತೆ, ಫೈಂಡ್ ಎಂಬುದು ಗಣಕದ ಸೂಚೀಕಾರ ಎನ್ನಬಹುದು.

ಎರಡನೆಯದು ಗ್ರೆಪ್. ಇದು ಕಡತವನ್ನು ತೆರೆದು, ಪಂಕ್ತಿಪಂಕ್ತಿಯಾಗಿ ಓದಿ, ಕೇಳಿದ ಶಬ್ದವಿರುವ ಪಂಕ್ತಿಗಳನ್ನು ತೋರಿಸುತ್ತದೆ. ‘--ಫೈಲ್ಸ್-ವಿತ್-ಮ್ಯಾಚಸ್’ ಎಂಬ ಆಯ್ಕೆಪದವನ್ನು ಸೇರಿಸಿದರೆ ಪಂಕ್ತಿಗಳನ್ನು ಬಿಟ್ಟು, ಆ ಶಬ್ದವಿರುವ ಕಡತಗಳ ಹೆಸರುಗಳನ್ನಷ್ಟೇ ಕೊಡುತ್ತದೆ.

ಮೂರನೆಯದು ಸೆಡ್. ಹರಿದುಬರುವ ಪಠ್ಯದಲ್ಲಿ ಒಂದಕ್ಕೆ ಬದಲಾಗಿ ಇನ್ನೊಂದನ್ನು ಇಡುವುದು ಇದರ ಮುಖ್ಯ ಉಪಯೋಗ. ಇಲ್ಲಿ ಹೆಸರಿನ ಕೊನೆಯ ‘ಟೆಕ್ಸ್ಟ್’ ಎಂಬುದನ್ನು ‘ಟಿಫ್’ ಎಂದು ಮಾಡಿದರೆ ಲಿಪ್ಯಂತರದ ಹೆಸರು ಬಿಂಬದ ಹೆಸರಾಗುತ್ತದೆ. ನಾಲ್ಕನೆಯದು ‘ಸಿಪಿ’, ಇದು ಪ್ರತಿ ಮಾಡುವ ಉಪಕರಣ, ಗಣಕದ ಲಿಪಿಕಾರ.

ಇವುಗಳ ನಡುವೆ ‘ಎಕ್ಸಾರ್ಗ್ಸ್’ ಎಂಬ ಸಂಯೋಜಕವೊಂದು ಅಗತ್ಯ. ಕೊಳವೆಯಲ್ಲಿ ಬರುವ ಹೆಸರುಗಳು ಗ್ರೆಪ್‌ಗೆ ಕೇವಲ ಪಠ್ಯವಾಗಿ ಕಾಣುತ್ತವೆ. ಆ ಹೆಸರಿನ ಕಡತಗಳನ್ನು ತೆರೆಯಬೇಕೆಂದು ಅದಕ್ಕೆ ತಿಳಿಯದು. ಸಿಪಿಯಂತೂ ಪ್ರತಿ ಮಾಡಬೇಕಾದ ಹೆಸರುಗಳನ್ನು ಕೊಳವೆಯಿಂದ ಓದುವುದೇ ಇಲ್ಲ. ಎಕ್ಸಾರ್ಗ್ಸ್ ಆ ಹೆಸರುಗಳನ್ನು ಸ್ವೀಕರಿಸಿ ಮುಂದಿನ ಆದೇಶದ ಕರ್ಮಪದಗಳಾಗಿ ಜೋಡಿಸುತ್ತದೆ. ಮೊದಲನೆಯ ಹಾನಿಯ ಬೀಜ ಈ ಜೋಡಣೆಯಲ್ಲಿಯೇ ಇದೆ.

4. ಮೊದಲನೆಯ ಹಾನಿ: ತಪ್ಪು ಪದಚ್ಛೇದ

ತಾಳೆಯೋಲೆಯಲ್ಲಿ ಸಾಮಾನ್ಯವಾಗಿ ಪದಗಳ ನಡುವೆ ಬಿಡುವಿರುವುದಿಲ್ಲ. ಪದಗಳನ್ನು ಬಿಡಿಸುವುದು ಓದುವವನ ಹೊಣೆ. ಬಿಡಿಸುವಲ್ಲಿ ತಪ್ಪಿದರೆ ಅರ್ಥ ಕೆಡುತ್ತದೆ. ಎಕ್ಸಾರ್ಗ್ಸ್‌ನ ತೊಡಕು ಇದಕ್ಕೆ ವಿಪರೀತವಾದುದು. ಅದು ಬಿಡುವು ಕಂಡಲ್ಲೆಲ್ಲ ಒಂದು ಹೆಸರು ಮುಗಿಯಿತೆಂದು ತಿಳಿಯುತ್ತದೆ. ‘ಭಂಡಾರ/ಕಟ್ಟು 12/001.ಟೆಕ್ಸ್ಟ್’ ಎಂಬ ಒಂದು ಹೆಸರು ಅದರ ದೃಷ್ಟಿಯಲ್ಲಿ ‘ಭಂಡಾರ/ಕಟ್ಟು’ ಮತ್ತು ‘12/001.ಟೆಕ್ಸ್ಟ್’ ಎಂಬ ಎರಡು ಹೆಸರುಗಳಾಗುತ್ತದೆ. ಆ ಎರಡರಲ್ಲಿ ಯಾವುದೂ ಇಲ್ಲದ ಕಾರಣ ಆ ಗರಿ ಬಿಟ್ಟುಹೋಗುತ್ತದೆ. ಕೆಲವು ಕಟ್ಟುಗಳ ಹೆಸರಿನಲ್ಲಿ ಬಿಡುವಿದ್ದು ಕೆಲವುಗಳಲ್ಲಿ ಇಲ್ಲದಿದ್ದರೆ, ಬಿಡುವಿಲ್ಲದವು ಮಾತ್ರ ದಾಟುತ್ತವೆ. ಕೆಲವು ಬಂದು ಕೆಲವು ಬಾರದಿರುವುದೇ ಇಲ್ಲಿನ ಅಪಾಯ. ಯಾವುದೂ ಬಾರದಿದ್ದರೆ ದೋಷ ಕೂಡಲೇ ತಿಳಿಯುತ್ತಿತ್ತು.

ಇದರ ಪರಿಹಾರ ಸರಳವಾಗಿದೆ. ಈ ವ್ಯವಸ್ಥೆಯಲ್ಲಿ ಕಡತದ ಹೆಸರಿನೊಳಗೆ ಬರಲಾಗದ ಚಿಹ್ನೆಗಳು ಎರಡೇ: ದಾರಿಯ ಭಾಗಗಳನ್ನು ಬೇರ್ಪಡಿಸುವ ಓರೆಗೆರೆ ಮತ್ತು ಕಣ್ಣಿಗೆ ಕಾಣದ ಶೂನ್ಯಾಕ್ಷರ. ಶೂನ್ಯಾಕ್ಷರವನ್ನು ಹೆಸರುಗಳ ನಡುವಿನ ಮೇರೆಯಾಗಿ ಇಟ್ಟರೆ ಸಂದೇಹಕ್ಕೆ ಆಸ್ಪದವಿಲ್ಲ. ಫೈಂಡ್‌ಗೆ ‘-ಪ್ರಿಂಟ್0’, ಎಕ್ಸಾರ್ಗ್ಸ್ ಮತ್ತು ಗ್ರೆಪ್‌ಗಳಿಗೆ ‘--ನಲ್’, ಸೆಡ್‌ಗೆ ‘--ನಲ್-ಡೇಟಾ’ ಎಂಬ ಆಯ್ಕೆಪದಗಳು ಇರುವುದು ಈ ಉದ್ದೇಶದಿಂದಲೇ. ಸರಪಳಿಯ ಎಲ್ಲ ಕೊಂಡಿಗಳಲ್ಲಿಯೂ ಇವನ್ನು ಇಡಬೇಕು. ಒಂದರಲ್ಲಿ ಬಿಟ್ಟರೂ ಉಳಿದವುಗಳಿಂದ ಪ್ರಯೋಜನವಿಲ್ಲ. ಹೀಗೆ ಸಿದ್ಧವಾಗುವ ಸಂಯೋಜನೆ ಇಂತಿದೆ:

ಫೈಂಡ್ ಭಂಡಾರ -ಟೈಪ್ ಎಫ್ -ನೇಮ್ '*.ಟೆಕ್ಸ್ಟ್' -ಪ್ರಿಂಟ್0 | ಎಕ್ಸಾರ್ಗ್ಸ್ --ನಲ್ ಗ್ರೆಪ್ --ಫೈಲ್ಸ್-ವಿತ್-ಮ್ಯಾಚಸ್ --ನಲ್ 'ಆರಾಧನಾ' | ಸೆಡ್ --ನಲ್-ಡೇಟಾ 'ಎಸ್/ಟೆಕ್ಸ್ಟ್$/ಟಿಫ್/' > ಆಯ್ಕೆಪಟ್ಟಿ

‘-ಟೈಪ್ ಎಫ್’ ಎಂದರೆ ಫೋಲ್ಡರುಗಳನ್ನು ಬಿಟ್ಟು ಕಡತಗಳನ್ನು ಮಾತ್ರ ಎಂದರ್ಥ. ಸೆಡ್‌ನ ಆದೇಶದಲ್ಲಿ ‘ಎಸ್’ ಎಂಬುದು ಆದೇಶವಿಧಿ, ಡಾಲರ್ ಚಿಹ್ನೆ ಹೆಸರಿನ ಅಂತ್ಯವನ್ನು ಸೂಚಿಸುತ್ತದೆ. ವ್ಯಾಕರಣಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪದಾಂತದಲ್ಲಿರುವ ಒಂದಕ್ಕೆ ಇನ್ನೊಂದು ಆದೇಶವಾಗಿ ಬರುತ್ತದೆ. ಕೊನೆಯ ಬಾಣದ ಗುರುತು ಫಲಿತಾಂಶವನ್ನು ‘ಆಯ್ಕೆಪಟ್ಟಿ’ ಎಂಬ ಕಡತದಲ್ಲಿ ಬರೆದಿಡುತ್ತದೆ. ಸರಪಳಿಯನ್ನು ನೇರವಾಗಿ ಸಿಪಿಯವರೆಗೆ ಬೆಳೆಸಬಹುದಾದರೂ ಇಲ್ಲಿ ಒಮ್ಮೆ ನಿಲ್ಲುವುದು ಲೇಸು. ಪ್ರತಿ ಮಾಡುವ ಮೊದಲು ಏನನ್ನು ಪ್ರತಿ ಮಾಡಲಿದೆ ಎಂಬುದನ್ನು ನೋಡಬೇಕು. ಪಟ್ಟಿಯ ಶೂನ್ಯಾಕ್ಷರಗಳನ್ನು ‘ಟಿಆರ್’ ಎಂಬ ಉಪಕರಣದಿಂದ ಪಂಕ್ತಿವಿರಾಮಗಳಾಗಿ ಮಾರ್ಪಡಿಸಿಕೊಂಡರೆ ಪಟ್ಟಿ ಕಣ್ಣಿಗೆ ಓದಲು ಬರುತ್ತದೆ.

5. ಎರಡನೆಯ ಹಾನಿ: ಇಲ್ಲದ ಗ್ರಂಥದ ಸೃಷ್ಟಿ

ಎರಡನೆಯ ಹಾನಿ ಇನ್ನೂ ಗುರುತರವಾದುದು. ಪ್ರತಿಯೊಂದು ಕಟ್ಟಿನಲ್ಲಿಯೂ 001 ಎಂಬ ಬಿಂಬವಿದೆ. ಭಂಡಾರದ ಬಿಂಬಗಳನ್ನೆಲ್ಲ ಒಂದೇ ಫೋಲ್ಡರಿಗೆ ತರಬೇಕೆಂದು ಫೈಂಡ್ ಕಂಡ ಪ್ರತಿಯೊಂದು ಕಡತಕ್ಕೂ ಒಂದೊಂದು ಸಾರಿ ಸಿಪಿಯನ್ನು ನಡೆಸಿದರೆ, ಎರಡನೆಯ ಕಟ್ಟಿನ 001 ಬಂದಾಗ ಮೊದಲ ಕಟ್ಟಿನ 001 ಅಳಿದುಹೋಗುತ್ತದೆ. ಸಿಪಿ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಳೆಯದರ ಮೇಲೆ ಹೊಸದನ್ನು ಬರೆಯುವುದು ಅದರ ಸಹಜ ವರ್ತನೆ. ನಲವತ್ತು ಕಟ್ಟುಗಳು, ಕಟ್ಟಿಗೆ ನೂರು ಗರಿಗಳು ಎಂದಿಟ್ಟುಕೊಂಡರೆ, 4000 ಬಿಂಬಗಳಲ್ಲಿ ಕೊನೆಗೆ ಉಳಿಯುವುದು 100 ಮಾತ್ರ.

ಕಟ್ಟುಗಳ ಗರಿಸಂಖ್ಯೆ ಒಂದೇ ಆಗಿಲ್ಲದಿದ್ದರೆ ಫಲ ಮತ್ತೂ ವಿಪರೀತವಾಗುತ್ತದೆ. ಕೊನೆಗೆ ಬಂದ ಕಟ್ಟಿನಲ್ಲಿ 80 ಗರಿಗಳಿದ್ದು, ಅದಕ್ಕೆ ಹಿಂದೆ ಬಂದುದರಲ್ಲಿ 120 ಗರಿಗಳಿದ್ದರೆ, 1ರಿಂದ 80ರವರೆಗೆ ಒಂದು ಗ್ರಂಥದ ಗರಿಗಳೂ 81ರಿಂದ 120ರವರೆಗೆ ಮತ್ತೊಂದರ ಗರಿಗಳೂ ಒಂದೇ ಅನುಕ್ರಮದಲ್ಲಿ ನಿಲ್ಲುತ್ತವೆ. ನೋಡುವವರಿಗೆ ಅದು ತ್ರುಟಿಯಿಲ್ಲದ 120 ಗರಿಗಳ ಒಂದು ಕಟ್ಟಾಗಿ ಕಾಣುತ್ತದೆ. ಫೈಂಡ್ ಕಟ್ಟುಗಳನ್ನು ಸಂಖ್ಯಾಕ್ರಮದಲ್ಲಿಯೇ ನೋಡುತ್ತದೆಂಬ ನಿಯಮವಿಲ್ಲವಾದುದರಿಂದ ಯಾವ ಎರಡು ಬೆರೆತವೆಂದು ಊಹಿಸುವುದೂ ಕಷ್ಟ. ಓಲೆಯ ಕಟ್ಟುಗಳಲ್ಲಿ ದಾರ ಹರಿದು ಗರಿಗಳು ಬೆರೆತುಹೋಗುವುದುಂಟು. ಆದರೆ ಅಲ್ಲಿ ಓಲೆಯ ಅಳತೆ, ರಂಧ್ರದ ಸ್ಥಾನ, ಕಂಠದ ಮೊನೆ ಮೊದಲಾದ ಲಕ್ಷಣಗಳು ಗರಿಯ ಮೂಲವನ್ನು ಹೇಳಿಕೊಡುತ್ತವೆ. ಇಲ್ಲಿ ಕಡತದ ಹೆಸರೊಂದೇ ಮೇಲುನೋಟದ ಗುರುತು. ಅದೇ ಎರಡಕ್ಕೂ ಸಮಾನವಾಗಿದೆ. ಎಂದೂ ಇರದಿದ್ದ ಒಂದು ಗ್ರಂಥ ಹೀಗೆ ಹುಟ್ಟಿಕೊಂಡು, ಅದನ್ನು ಆಧರಿಸಿ ಮುಂದಿನ ಸಂಪಾದಕರು ಪಾಠನಿರ್ಣಯ ಮಾಡುವ ಸಂಭವವಿದೆ.

ಇದನ್ನು ತಡೆಯಲು ‘--ನೋ-ಕ್ಲಾಬರ್’ ಎಂಬ ಆಯ್ಕೆಪದ ಸಾಕೆಂದು ತೋರಬಹುದು. ಅದು ಇರುವುದರ ಮೇಲೆ ಬರೆಯುವುದನ್ನು ತಡೆಯುತ್ತದೆ, ನಿಜ. ಆದರೆ ಆಗ ಎರಡನೆಯದು ಪ್ರತಿಯಾಗದೆ ಉಳಿಯುತ್ತದೆ. ಮೊದಲು ಹಳೆಯದು ನಷ್ಟವಾಗುತ್ತಿತ್ತು, ಈಗ ಹೊಸದು ಬಿಟ್ಟುಹೋಗುತ್ತದೆ. ನಿಜವಾದ ಪರಿಹಾರವೆಂದರೆ ಗರಿಯೊಡನೆ ಅದರ ಕಟ್ಟಿನ ಹೆಸರನ್ನೂ ಒಯ್ಯುವುದು. ಸಿಪಿಯ ‘--ಪೇರೆಂಟ್ಸ್’ ಎಂಬ ಆಯ್ಕೆಪದ ಈ ಕೆಲಸವನ್ನು ಮಾಡುತ್ತದೆ. ಕಡತಕ್ಕೆ ಬಂದ ದಾರಿಯಲ್ಲಿರುವ ಫೋಲ್ಡರುಗಳನ್ನು ಅದು ‘ಸಂಗ್ರಹ’ದೊಳಗೆ ಮತ್ತೆ ರಚಿಸಿ, ಅವುಗಳ ಒಳಗೆ ಪ್ರತಿಯನ್ನು ಇಡುತ್ತದೆ:

ಎಕ್ಸಾರ್ಗ್ಸ್ --ನಲ್ ಸಿಪಿ --ಪೇರೆಂಟ್ಸ್ --ಪ್ರಿಸರ್ವ್ --ಟಾರ್ಗೆಟ್-ಡೈರೆಕ್ಟರಿ=ಸಂಗ್ರಹ < ಆಯ್ಕೆಪಟ್ಟಿ

ಎಡಕ್ಕೆ ತಿರುಗಿದ ಬಾಣದ ಗುರುತು ಪಟ್ಟಿಯನ್ನು ಎಕ್ಸಾರ್ಗ್ಸ್‌ಗೆ ಉಣಿಸುತ್ತದೆ. ‘--ಪ್ರಿಸರ್ವ್’ ಎಂಬುದು ಮೂಲ ಕಡತದ ದಿನಾಂಕವನ್ನು ಪ್ರತಿಯಲ್ಲಿಯೂ ಉಳಿಸುತ್ತದೆ. ‘ಸಂಗ್ರಹ’ವನ್ನು ಮೊದಲೇ ರಚಿಸಿರಬೇಕು; ಅದು ‘ಭಂಡಾರ’ದ ಒಳಗಿರದೆ ಪಕ್ಕದಲ್ಲಿರಬೇಕು. ಒಳಗಿದ್ದರೆ ಮುಂದಿನ ಶೋಧನೆಯಲ್ಲಿ ಫೈಂಡ್ ಪ್ರತಿಗಳನ್ನೂ ಮೂಲವೆಂದೇ ಎಣಿಸುತ್ತದೆ.

6. ಮೂರನೆಯ ಹಾನಿ: ಇದ್ದೂ ಕಾಣದ ಪಾಠ

ಮೊದಲ ಎರಡು ಹಾನಿಗಳು ಪ್ರತೀಕರಣಕ್ಕೆ ಸಂಬಂಧಿಸಿದವು. ಮೂರನೆಯದು ಶೋಧನೆಗೆ ಸೇರಿದ್ದು. ಗ್ರೆಪ್ ಅರ್ಥವನ್ನು ಅರಿಯದು, ಕಣ್ಣಿಗೆ ಕಾಣುವ ರೂಪವನ್ನೂ ಅರಿಯದು. ಅಕ್ಷರಗಳ ಹಿಂದಿರುವ ಸಂಕೇತಸಂಖ್ಯೆಗಳನ್ನು ಮಾತ್ರ ಹೋಲಿಸುತ್ತದೆ. ಯೂನಿಕೋಡ್ ಸಂಕೇತದಲ್ಲಿ ‘ಕೊ’ ಎಂಬ ಅಕ್ಷರದ ಒ-ಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎ-ಕಾರದ ಚಿಹ್ನೆ, ಊ-ಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಗ್ರೆಪ್‌ಗೆ ಬೇರೆ ಬೇರೆ. ಅರ್ಧಾಕ್ಷರಗಳ ಬಳಿ ಸೇರಿಕೊಳ್ಳುವ, ಕಣ್ಣಿಗೆ ಕಾಣದ ಕೂಡಿಸುವ ಮತ್ತು ಬಿಡಿಸುವ ಚಿಹ್ನೆಗಳೂ ಹೀಗೆಯೇ ತೊಡಕುಂಟುಮಾಡುತ್ತವೆ. ಹಳಗನ್ನಡದ ೞ-ಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬರ್ಥದ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಹೆಸರನ್ನು ನೋಡಿ ಅಕ್ಷರವನ್ನು ಆರಿಸುವವರು ಇದನ್ನು ತಿಳಿದಿರಬೇಕು. ಯೂನಿಕೋಡ್‌ಗೆ ಮೊದಲಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಹಳೆಯ ಲಿಪ್ಯಂತರಗಳಲ್ಲಿಯಂತೂ ಕನ್ನಡ ಪದವನ್ನು ಕೊಟ್ಟು ಹುಡುಕಿದರೆ ಏನೂ ದೊರೆಯದು. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಇದರ ಮೇಲೆ ಲಿಪಿಕಾರರ ಬರಹಭೇದಗಳಿವೆ. ಅನುಸ್ವಾರವಿರುವಲ್ಲಿ ವರ್ಗದ ಅನುನಾಸಿಕ, ೞ-ಕಾರವಿರುವಲ್ಲಿ ಳ-ಕಾರ, ಱ-ಕಾರವಿರುವಲ್ಲಿ ರ-ಕಾರ ಬರುವುದು ಸಾಮಾನ್ಯ. ‘--ಎಕ್ಸ್‌ಟೆಂಡೆಡ್-ರಿಜೆಕ್ಸ್‌ಪ್’ ಎಂಬ ಆಯ್ಕೆಪದವನ್ನು ಸೇರಿಸಿ ‘ಜಿನೇ(ಂ|ನ್)ದ್ರ’ ಎಂದು ಕೇಳಿದರೆ ‘ಜಿನೇಂದ್ರ’, ‘ಜಿನೇನ್ದ್ರ’ ಎರಡೂ ದೊರೆಯುತ್ತವೆ. ಪಾಠಾಂತರಗಳನ್ನು ಬಲ್ಲ ಪಂಡಿತನೇ ಇಂತಹ ಸೂತ್ರವನ್ನು ರಚಿಸಬಲ್ಲನು. ಯಂತ್ರಜ್ಞನಿಗೆ ಇದು ಅಸಾಧ್ಯ.

ಮತ್ತೊಂದು ತೊಡಕು ಲಿಪ್ಯಂತರದ ಕ್ರಮದಿಂದಲೇ ಬರುತ್ತದೆ. ಓಲೆಯ ಪಂಕ್ತಿಗೆ ಸರಿಯಾಗಿ ಲಿಪ್ಯಂತರದ ಪಂಕ್ತಿಯನ್ನು ಮುರಿಯುವುದು ವಿಹಿತವಾದ ಪದ್ಧತಿ. ಆಗ ‘ಆರಾ’ ಒಂದು ಪಂಕ್ತಿಯ ಕೊನೆಯಲ್ಲಿ, ‘ಧನಾ’ ಮುಂದಿನ ಪಂಕ್ತಿಯ ಮೊದಲಲ್ಲಿ ಬೀಳಬಹುದು. ಗ್ರೆಪ್ ಒಂದು ಸಲಕ್ಕೆ ಒಂದೇ ಪಂಕ್ತಿಯನ್ನು ನೋಡುವುದರಿಂದ ಆ ಪದ ಅದಕ್ಕೆ ಕಾಣದು. ಆದುದರಿಂದ ಮೂಲಾನುಸಾರಿಯಾದ ಲಿಪ್ಯಂತರವನ್ನು ಹಾಗೆಯೇ ಉಳಿಸಿ, ಶೋಧನೆಗಾಗಿ ಪಂಕ್ತಿವಿರಾಮಗಳನ್ನು ತೆಗೆದು ಏಕರೂಪಗೊಳಿಸಿದ ಇನ್ನೊಂದು ಪಠ್ಯವನ್ನು ಇಟ್ಟುಕೊಳ್ಳುವುದು ಉಚಿತ. ಒ-ಕಾರಾದಿಗಳ ದ್ವಿರೂಪವನ್ನು ಒಂದೇ ರೂಪಕ್ಕೆ ತರಲು ‘ಯುಕಾನ್ವ್’ ಎಂಬ ಉಪಕರಣವಿದೆ. ಹೀಗಿದ್ದರೂ ದೊರೆಯಲಿಲ್ಲ ಎಂಬ ಮಾತ್ರಕ್ಕೆ ಇಲ್ಲ ಎಂದು ಹೇಳುವಲ್ಲಿ, ಅನುಪಲಬ್ಧಿಯಿಂದ ಅಭಾವವನ್ನು ಸಾಧಿಸುವಾಗ ತಾರ್ಕಿಕರು ತೋರುವ ಎಚ್ಚರಿಕೆ ಅವಶ್ಯಕ.

7. ಮೂಲದೊಡನೆ ತಾಳೆ ನೋಡುವ ಕ್ರಮ

ಪ್ರತಿ ಮುಗಿದ ಮೇಲೆ ಪರೀಕ್ಷೆ ಆಗಬೇಕು. ಹಿಂದಿನ ಲಿಪಿಕಾರರು ಗ್ರಂಥಾಂತ್ಯದಲ್ಲಿ ಗ್ರಂಥಾಗ್ರವನ್ನು, ಎಂದರೆ 32 ಅಕ್ಷರಗಳಿಗೆ ಒಂದು ಗ್ರಂಥವೆಂಬ ಲೆಕ್ಕದ ಮೊತ್ತವನ್ನು, ಬರೆದಿಡುತ್ತಿದ್ದುದುಂಟು. ಪ್ರತಿಯ ಪ್ರಮಾಣ ಕುಗ್ಗಿದ್ದರೆ ಅಥವಾ ಹಿಗ್ಗಿದ್ದರೆ ಅದರಿಂದ ತಿಳಿಯುತ್ತಿತ್ತು. ಆಯ್ಕೆಪಟ್ಟಿಯ ಹೆಸರುಗಳ ಸಂಖ್ಯೆಯನ್ನೂ ಸಂಗ್ರಹದ ಕಡತಗಳ ಸಂಖ್ಯೆಯನ್ನೂ ಹೋಲಿಸುವುದು ಇದೇ ಬಗೆಯ ಪರೀಕ್ಷೆ. ಎಣಿಕೆಗೆ ‘ಡಬ್ಲ್ಯುಸಿ’ ಎಂಬ ಉಪಕರಣವಿದೆ. ಆದರೆ ಎಣಿಕೆಯಿಂದ ಲೋಪ ತಿಳಿಯುವುದೇ ಹೊರತು ವಿಕಾರ ತಿಳಿಯದು.

ವಿಕಾರವನ್ನು ಕಂಡುಹಿಡಿಯಲು ‘ಶಾ256ಸಮ್’ ಎಂಬ ಉಪಕರಣವಿದೆ. ಇದು ಕಡತದ ಸಮಸ್ತ ವಿಷಯವನ್ನೂ ಓದಿ 64 ಅಕ್ಷರಾಂಕಗಳ ಒಂದು ಮೊತ್ತವನ್ನು ಕೊಡುತ್ತದೆ. ಒಳಗೆ ಒಂದು ಬಿಂದು ಬದಲಾದರೂ ಮೊತ್ತ ಪೂರ್ಣವಾಗಿ ಬೇರೆಯಾಗುತ್ತದೆ. ಮೊದಲು ಮೂಲ ಕಡತಗಳ ಮೊತ್ತವನ್ನು ಬರೆದಿಡಬೇಕು:

ಎಕ್ಸಾರ್ಗ್ಸ್ --ನಲ್ ಶಾ256ಸಮ್ < ಆಯ್ಕೆಪಟ್ಟಿ > ಮೊತ್ತಪಟ್ಟಿ

ಬಳಿಕ ‘ಸಂಗ್ರಹ’ದೊಳಗೆ ಹೋಗಿ ಅದೇ ಪಟ್ಟಿಯೊಡನೆ ತಾಳೆ ನೋಡಬೇಕು:

ಶಾ256ಸಮ್ --ಚೆಕ್ ../ಮೊತ್ತಪಟ್ಟಿ

ಎರಡು ಚುಕ್ಕೆಗಳು ಮೇಲಿನ ಫೋಲ್ಡರನ್ನು ಸೂಚಿಸುತ್ತವೆ. ದಾರಿಯ ಹೆಸರುಗಳನ್ನು ಉಳಿಸಿಕೊಂಡು ಪ್ರತಿ ಮಾಡಿರುವುದರಿಂದಲೇ ಈ ತಾಳೆ ಸಾಧ್ಯವಾಗುತ್ತದೆ. ಬಿಟ್ಟುಹೋದ ಕಡತವಿದ್ದರೂ ಕೆಟ್ಟ ಕಡತವಿದ್ದರೂ ಇಲ್ಲಿ ಹೆಸರು ಸಹಿತ ಗೊತ್ತಾಗುತ್ತದೆ. ಆದರೆ ಶೋಧನೆಯಲ್ಲಿಯೇ ಕಾಣದೆ ಹೋದ ಗರಿಯನ್ನು ಈ ಪರೀಕ್ಷೆ ತೋರಿಸಲಾರದು. ಅದು ಆಯ್ಕೆಪಟ್ಟಿಗೆ ಬಂದೇ ಇಲ್ಲ. ಮೂರನೆಯ ಹಾನಿಗೆ ವಿದ್ವಾಂಸನ ವಿವೇಕವೇ ಮದ್ದು.

ಮೂಲದೊಡನೆ ತಾಳೆ ನೋಡುವುದರ ಮಹತ್ವವನ್ನು ಜೈನ ವಿದ್ವಾಂಸರಿಗೆ ವಿವರಿಸಬೇಕಾಗಿಲ್ಲ. ಧವಲಾ ಟೀಕೆಯ ಮೊದಲ ಸಂಪುಟ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಪ್ರಕಟವಾದಾಗ ಅದಕ್ಕೆ ಆಧಾರವಾಗಿದ್ದವು ಕಾಗದದ ಪ್ರತಿಗಳು. ಅದರ 93ನೆಯ ಸೂತ್ರದಲ್ಲಿ ಇರಬೇಕೆಂದು ಸಂಪಾದಕರಿಗೆ ತೋರಿದ ಒಂದು ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಮೂಡಬಿದಿರೆಯ ತಾಳೆಯೋಲೆಯನ್ನು ನೋಡಿದಾಗ ಅಲ್ಲಿ ಅದು ಕಂಡುಬಂದಿತು. ಆ ಒಂದು ಪದದ ಸುತ್ತ ನಡೆದ ಚರ್ಚೆಯ ವಿಸ್ತಾರ ಎಲ್ಲರೂ ಬಲ್ಲದ್ದು. ನಿರ್ಣಯಕ್ಕೆ ಸಾಧನವಾಗಿ ಮೂಲವೊಂದು ಉಳಿದಿತ್ತೆಂಬುದೇ ಅಲ್ಲಿನ ಸುದೈವ. ಛಾಯಾಬಿಂಬಗಳ ವಿಷಯದಲ್ಲಿ ಓಲೆಯೇ ಮುಂದೆ ಶಿಥಿಲವಾದರೆ ಮೊದಲ ಬಿಂಬವೇ ಮೂಲದ ಸ್ಥಾನಕ್ಕೆ ಬರುತ್ತದೆ. ಆದಕಾರಣ ಭಂಡಾರದ ಕಡತಗಳಿಗೆ ಬರೆಯುವ ಅನುಮತಿಯನ್ನು ತೆಗೆದು ಓದುವ ಅನುಮತಿಯನ್ನು ಮಾತ್ರ ಇಡಬೇಕು. ಕಡತವನ್ನು ಸ್ಥಳಾಂತರಿಸುವ ‘ಎಂವಿ’ ಎಂಬ ಆದೇಶವನ್ನು ಮೂಲದ ಮೇಲೆ ಎಂದೂ ಪ್ರಯೋಗಿಸಬಾರದು.

8. ಪುಷ್ಪಿಕೆಯ ಅಗತ್ಯ

ಕೊನೆಯದಾಗಿ ಒಂದು ಮಾತು. ಪುಷ್ಪಿಕೆಯುಳ್ಳ ಪ್ರತಿಗೆ ವಿದ್ವಾಂಸರು ವಿಶೇಷ ಮನ್ನಣೆ ಕೊಡುತ್ತಾರೆ. ಯಾರು, ಎಂದು, ಎಲ್ಲಿ, ಯಾರಿಗಾಗಿ ಬರೆದರೆಂಬುದು ಅದರಿಂದ ತಿಳಿದುಬರುತ್ತದೆ. ಗಣಕದಲ್ಲಿ ಆರಿಸಿ ತೆಗೆದ ಸಂಗ್ರಹಕ್ಕೂ ಪುಷ್ಪಿಕೆ ಇರಬೇಕು. ನಡೆಸಿದ ಆದೇಶಗಳನ್ನು ಇದ್ದಂತೆಯೇ ಒಂದು ಪಠ್ಯಕಡತದಲ್ಲಿ ಬರೆದು, ದಿನಾಂಕ, ಆಕರ ಭಂಡಾರದ ಹೆಸರು, ಹುಡುಕಿದ ಶಬ್ದಗಳು ಮತ್ತು ಅವುಗಳ ರೂಪಭೇದಗಳು, ಆಯ್ಕೆಪಟ್ಟಿ, ಮೊತ್ತಪಟ್ಟಿ, ಯಂತ್ರವು ತೆರೆಯ ಮೇಲೆ ತೋರಿಸಿದ ದೋಷಸೂಚನೆಗಳು, ಇವಿಷ್ಟನ್ನೂ ಸಂಗ್ರಹದೊಡನೆ ಇಡಬೇಕು. ಇವುಗಳ ಸಹಾಯದಿಂದ ಮುಂದಿನ ಸಂಶೋಧಕನು ಅದೇ ಶೋಧನೆಯನ್ನು ಮತ್ತೆ ನಡೆಸಿ ಫಲಿತಾಂಶವನ್ನು ಪರೀಕ್ಷಿಸಬಹುದು. ಹಿಂದಿನವರ ಸೂತ್ರದಲ್ಲಿ ಬಾರದ ರೂಪಭೇದವೊಂದನ್ನು ಸೇರಿಸಿ, ಬಿಟ್ಟುಹೋಗಿದ್ದ ಗರಿಯನ್ನು ಕಂಡುಹಿಡಿಯಲೂಬಹುದು. ಕೈಯಿಂದ ಆರಿಸಿದ ಸಂಗ್ರಹದಲ್ಲಿ ಈ ಅನುಕೂಲವಿಲ್ಲ. ಆದೇಶಪಂಕ್ತಿಯಿಂದ ದೊರೆಯುವ ಶೀಘ್ರತೆಗಿಂತಲೂ ಹೀಗೆ ಮರುಪರೀಕ್ಷೆಗೆ ಒಡ್ಡಿಕೊಳ್ಳುವ ಗುಣವೇ ಗ್ರಂಥಸಂಪಾದನಕಾರ್ಯಕ್ಕೆ ಹೆಚ್ಚು ಬೆಲೆಯುಳ್ಳದ್ದಾಗಿದೆ.